ಡಬ್ಬಿಯ ಚಿಲ್ಲಿಯೋ, ಮನೆಯ ಚಿಲ್ಲಿಯೋ? ವಾದಕ್ಕಿಳಿಯುವ ಮೊದಲು ಗೊತ್ತಿರಬೇಕಾದ ಸಂಗತಿಗಳು

‘ಡಬ್ಬಿಯಲ್ಲಿ ಬರುವ ಮಾಂಸ ವಿಷ, ಮನೆಯಲ್ಲಿ ಮಾಡಿದ್ದೇ ಅಮೃತ’ ಎನ್ನುವವರು ಒಂದು ಕಡೆ. ‘ಕಾರ್ಖಾನೆಯಲ್ಲಿ ಅಷ್ಟೆಲ್ಲ ತಪಾಸಣೆ ಇರುತ್ತದೆ, ಮನೆಯದ್ದಕ್ಕಿಂತ ಅದೇ ವಾಸಿ’ ಎನ್ನುವವರು ಇನ್ನೊಂದು ಕಡೆ. ಹಾಟ್‌ಡಾಗ್ (ಕೊಚ್ಚಿದ ಮಾಂಸವನ್ನು ಕೊಳವೆಯಂತೆ ತುಂಬಿದ ಸಾಸೇಜ್), ಬೇಕನ್ (ಉಪ್ಪು ಹಾಕಿಟ್ಟ ಹಂದಿಮಾಂಸದ ತೆಳು ಪಟ್ಟಿ) ತಿಂದರೆ ಕ್ಯಾನ್ಸರ್ ಬರುತ್ತದೆ ಎಂಬ ಸುದ್ದಿ ಓದಿದವರಿಗಂತೂ ಡಬ್ಬಿ ಕಂಡರೇ ಭಯ.

ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ತೊಂದರೆ ಏನೆಂದರೆ, ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿಗೆ ಕಟ್ಟಿ ಮಾತಾಡುತ್ತಾರೆ. ಗಂಟು ಬಿಚ್ಚಿದರೆ ಒಳಗೆ ಮೂರು ಪ್ರಶ್ನೆ ಸಿಗುತ್ತವೆ. ಈ ಮಾಂಸ ಕೆಡದಂತೆ ನೋಡಿಕೊಂಡದ್ದು ಹೇಗೆ? ಮಾಂಸದ ಜೊತೆಗೆ ಇನ್ನೇನೇನು ಸೇರಿಸಿದ್ದಾರೆ? ನಾವು ಅದನ್ನು ಎಷ್ಟು ತಿನ್ನುತ್ತೇವೆ, ಎಷ್ಟು ಸಲ ತಿನ್ನುತ್ತೇವೆ? ಡಬ್ಬಿ ಅಥವಾ ಮನೆ ಎಂಬ ಒಂದೇ ಪದ ಈ ಮೂರಕ್ಕೂ ಉತ್ತರ ಕೊಡುವುದಿಲ್ಲ.

## ಚಿಲ್ಲಿ ಎಂದರೆ ಇಲ್ಲಿ ಮೆಣಸಿನಕಾಯಿ ಅಲ್ಲ

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಾವಿಲ್ಲಿ ಮಾತಾಡುತ್ತಿರುವ ಚಿಲ್ಲಿ ಒಂದು ಅಡುಗೆ. ಪೂರ್ತಿ ಹೆಸರು ‘ಚಿಲ್ಲಿ ಕಾನ್ ಕಾರ್ನೆ’. ಸ್ಪ್ಯಾನಿಷ್‌ನಲ್ಲಿ ಇದಕ್ಕೆ ‘ಮಾಂಸ ಹಾಕಿದ ಮೆಣಸಿನಕಾಯಿ’ ಎಂದರ್ಥ. ಇದು ಹುಟ್ಟಿ ಬೆಳೆದದ್ದು ಅಮೆರಿಕದ ಟೆಕ್ಸಸ್‌ನಲ್ಲಿ. ಒಣಮೆಣಸಿನಕಾಯಿ, ದನದ ಮಾಂಸ, ಬೆಳ್ಳುಳ್ಳಿ, ಜೀರಿಗೆ, ಒರೆಗಾನೊ ಹಾಕಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸುವ ಗಟ್ಟಿ ಸಾರು ಎನ್ನಬಹುದು. 19ನೇ ಶತಮಾನದ ಕೊನೆಯ ಹೊತ್ತಿಗೆ ಸ್ಯಾನ್ ಆಂಟೋನಿಯೊ ಊರಿನ ಚೌಕಗಳಲ್ಲಿ ಸಂಜೆಯಾದರೆ ಹೆಂಗಸರು ದೊಡ್ಡ ಪಾತ್ರೆಗಳಲ್ಲಿ ಇದನ್ನು ಮಾರುತ್ತಿದ್ದರು. ಅವರನ್ನು ‘ಚಿಲ್ಲಿ ರಾಣಿಯರು’ ಎಂದೇ ಕರೆಯುತ್ತಿದ್ದರು. 1890ರ ದಶಕದಲ್ಲಿ ಅದೇ ರಾಜ್ಯದ ನ್ಯೂ ಬ್ರಾನ್‌ಫೆಲ್ಸ್ ಊರಿನ ವಿಲಿಯಂ ಗೆಬ್‌ಹಾರ್ಟ್ ಎಂಬ ಜರ್ಮನ್ ವಲಸೆಗಾರ ಇದಕ್ಕೆ ಬೇಕಾದ ಪುಡಿಯನ್ನು ತಯಾರಿಸಿ ಮಾರಲು ಶುರು ಮಾಡಿದ. ಪುಡಿಯ ಹಿಂದೆಯೇ ಡಬ್ಬಿಯೂ ಬಂತು. 1977ರಲ್ಲಿ ಟೆಕ್ಸಸ್ ಇದನ್ನು ತನ್ನ ರಾಜ್ಯದ ಅಡುಗೆ ಎಂದು ಅಧಿಕೃತವಾಗಿ ಘೋಷಿಸಿತು.

ಇದರಲ್ಲಿ ಕಾಳು ಹಾಕಬೇಕೋ ಬೇಡವೋ ಎಂಬುದು ಅಲ್ಲಿನವರಿಗೆ ಮುಗಿಯದ ಜಗಳ. ಟೆಕ್ಸಸ್‌ನ ಹಳಬರ ಪ್ರಕಾರ ರಾಜ್ಮಾ ಬಿದ್ದರೆ ಅದು ಚಿಲ್ಲಿಯೇ ಅಲ್ಲ. ಉಳಿದ ರಾಜ್ಯಗಳಲ್ಲಿ ರಾಜ್ಮಾ ಇಲ್ಲದ ಚಿಲ್ಲಿ ಕಾಣುವುದೇ ಅಪರೂಪ. ಸುಮ್ನೆ ಹೇಳಿದ್ದಲ್ಲ, ಡಬ್ಬಿಯ ಲೆಕ್ಕ ಹಾಕುವಾಗ ಈ ಕಾಳಿನ ವಿಷಯ ಮತ್ತೆ ಬರುತ್ತದೆ.

## ಡಬ್ಬಿಯೊಳಗೆ ನಡೆಯುವುದು ಏನು

1810ರಲ್ಲಿ ನಿಕೊಲಾ ಅಪೇರ್ ಎಂಬ ಫ್ರೆಂಚ್ ಬಾಣಸಿಗನಿಗೆ ಸರ್ಕಾರ 12,000 ಫ್ರಾಂಕ್ ಬಹುಮಾನ ಕೊಟ್ಟಿತು. ಅವನು ಮಾಡಿದ್ದಿಷ್ಟೇ. ಆಹಾರವನ್ನು ಗಾಜಿನ ಬಾಟಲಿಗೆ ತುಂಬಿ, ಗಾಳಿ ಹೋಗದಂತೆ ಬಿರಡೆ ಬಿಗಿದು, ಬಾಟಲಿಯನ್ನೇ ನೀರಿನಲ್ಲಿ ಕುದಿಸಿದ. ಒಳಗಿದ್ದದ್ದು ತಿಂಗಳುಗಟ್ಟಲೆ ಕೆಡಲಿಲ್ಲ. ಯಾಕೆ ಕೆಡಲಿಲ್ಲ ಎಂಬುದು ಅವನಿಗೂ ಗೊತ್ತಿರಲಿಲ್ಲ. ಆಹಾರ ಕೆಡಿಸುವುದು ಕಣ್ಣಿಗೆ ಕಾಣದ ಜೀವಿಗಳು ಎಂದು ಲೂಯಿ ಪಾಶ್ಚರ್ ತೋರಿಸಿಕೊಟ್ಟದ್ದು ಅದಾಗಿ ಅರ್ಧ ಶತಮಾನದ ಮೇಲೆ. ಅಪೇರ್‌ಗೆ ಬಹುಮಾನ ಸಿಕ್ಕ ವರ್ಷವೇ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ಗಾಜಿನ ಬದಲು ತವರದ ಡಬ್ಬಿಗೆ ಪೇಟೆಂಟ್ ಪಡೆದ.

ಇವತ್ತಿನ ಡಬ್ಬಿಯ ಹಿಂದಿರುವುದೂ ಅದೇ ಉಪಾಯ. ಮೊದಲು ಮುಚ್ಚು, ಆಮೇಲೆ ಬೇಯಿಸು. ಆದರೆ ಮಾಂಸ, ಕಾಳುಗಳಂಥ ಹುಳಿ ಕಡಿಮೆ ಇರುವ ಆಹಾರಕ್ಕೆ ಬರೀ ಕುದಿಯುವ ನೀರು ಸಾಲದು. ಕಾರಣ, ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ. ಇದು ಮಣ್ಣಿನಲ್ಲೆಲ್ಲ ಇರುತ್ತದೆ. ಕಷ್ಟ ಬಂದಾಗ ಗಟ್ಟಿ ಚಿಪ್ಪಿನ ಬೀಜದ ಹಾಗೆ ಮುದುಡಿಕೊಳ್ಳುತ್ತದೆ. ಆ ಬೀಜಾಣು 100 ಡಿಗ್ರಿಯಲ್ಲಿ ಕುದಿಸಿದರೂ ಸಾಯುವುದಿಲ್ಲ. ಗಾಳಿಯಿಲ್ಲದ, ಬೆಚ್ಚಗಿನ, ಹುಳಿಯಿಲ್ಲದ ಜಾಗ ಸಿಕ್ಕರೆ ಮೊಳೆತು ವಿಷ ಬಿಡುತ್ತದೆ. ಮುಚ್ಚಿದ ಡಬ್ಬಿ ಅದಕ್ಕೆ ಹೇಳಿ ಮಾಡಿಸಿದ ಮನೆ. ಈ ವಿಷ ನರಗಳನ್ನು ಹಿಡಿಯುತ್ತದೆ. ಕಣ್ಣು ಮಂಜಾಗುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಡುವ ಸ್ನಾಯುಗಳೇ ಕೆಲಸ ನಿಲ್ಲಿಸುತ್ತವೆ.

ಅದಕ್ಕೇ ಕಾರ್ಖಾನೆಯವರು ಮುಚ್ಚಿದ ಡಬ್ಬಿಗಳನ್ನು ರಿಟಾರ್ಟ್ ಎಂಬ ದೊಡ್ಡ ಯಂತ್ರದಲ್ಲಿಟ್ಟು ಹಬೆಯ ಒತ್ತಡದಲ್ಲಿ ಬೇಯಿಸುತ್ತಾರೆ. ಮನೆಯ ಪ್ರೆಷರ್ ಕುಕ್ಕರ್ ಕೆಲಸ ಮಾಡುವುದೂ ಹೀಗೆಯೇ. ಒತ್ತಡ ಏರಿದರೆ ನೀರು 100 ಡಿಗ್ರಿಗೆ ನಿಲ್ಲದೆ 121 ಡಿಗ್ರಿ ಸೆಲ್ಸಿಯಸ್‌ವರೆಗೆ ಹೋಗುತ್ತದೆ. ಆ ಬಿಸಿ ಡಬ್ಬಿಯ ನಟ್ಟನಡುವೆ ಸುಮಾರು ಮೂರು ನಿಮಿಷ ನಿಂತರೆ ಲಕ್ಷ ಕೋಟಿ ಬೀಜಾಣುಗಳಿದ್ದರೂ ಉಳಿಯುವುದು ಒಂದೇ ಎಂಬ ಲೆಕ್ಕ. ಕೇಳಲು ಮೂರೇ ನಿಮಿಷ. ಆದರೆ ಚಿಲ್ಲಿಯಂಥ ಗಟ್ಟಿ ಪದಾರ್ಥದಲ್ಲಿ ಬಿಸಿ ನಿಧಾನಕ್ಕೆ ಒಳಗೆ ಇಳಿಯುತ್ತದೆ. ಹಾಗಾಗಿ ಒಟ್ಟಾರೆ ಬೇಯುವ ಹೊತ್ತು ತುಂಬಾ ಜಾಸ್ತಿ.

ಒಂದು ಮಾತು ಇಲ್ಲಿ ಗಟ್ಟಿಯಾಗಿ ಹೇಳಬೇಕು. ಡಬ್ಬಿಯ ಆಹಾರ ವರ್ಷಗಟ್ಟಲೆ ಇರುವುದು ಅದಕ್ಕೆ ಏನೋ ಔಷಧ ಬೆರೆಸಿದ್ದರಿಂದ ಎಂದು ತುಂಬಾ ಜನ ನಂಬಿದ್ದಾರೆ. ಅದು ತಪ್ಪು. ಅದನ್ನು ಕಾಯುವುದು ಬಿಸಿ ಮತ್ತು ಬಿಗಿಯಾದ ಮುಚ್ಚಳ. ಡಬ್ಬಿಯಲ್ಲಿರುವ ಉಪ್ಪು, ಗಂಜಿಪುಡಿ, ಬಣ್ಣ ಎಲ್ಲವೂ ರುಚಿಗೆ, ಮಂದವಾಗಲು, ನೋಟಕ್ಕೆ.

## ಕ್ಯೂರಿಂಗ್ ಬೇರೆಯದೇ ಕಥೆ

ಹ್ಯಾಮ್ (ಹಂದಿಯ ತೊಡೆಮಾಂಸ), ಬೇಕನ್, ಸಲಾಮಿ (ಹುದುಗಿಸಿ ಒಣಗಿಸಿದ ಸಾಸೇಜ್), ಹಾಟ್‌ಡಾಗ್‌ಗಳದ್ದು ಇನ್ನೊಂದು ದಾರಿ. ಇವುಗಳಲ್ಲಿ ಮಾಂಸವನ್ನು ಕಾಯುವುದು ಮುಖ್ಯವಾಗಿ ಉಪ್ಪು, ನೈಟ್ರೈಟ್ ಎಂಬ ಲವಣ, ಕೆಲವು ಸಲ ಹೊಗೆ. ಇದಕ್ಕೇ ಕ್ಯೂರಿಂಗ್ ಎನ್ನುವುದು. ವಿಶ್ವ ಆರೋಗ್ಯ ಸಂಸ್ಥೆ ‘ಸಂಸ್ಕರಿಸಿದ ಮಾಂಸ’ ಎನ್ನುವಾಗ ಉಪ್ಪು ಹಾಕಿದ, ಕ್ಯೂರ್ ಮಾಡಿದ, ಹುದುಗಿಸಿದ, ಹೊಗೆಯಾಡಿಸಿದ ಮಾಂಸಗಳನ್ನು ಮೊದಲು ಹೇಳುತ್ತದೆ. ಉದಾಹರಣೆಗಳ ಪಟ್ಟಿಯಲ್ಲಿ ಡಬ್ಬಿಯ ಮಾಂಸವನ್ನೂ ಸೇರಿಸುತ್ತದೆ. ಗಂಟು ಬಿಗಿಯಾದದ್ದು ಇಲ್ಲೇ ಅನಿಸುತ್ತದೆ. ಪಟ್ಟಿ ಒಂದೇ, ಆದರೆ ಒಳಗಿನ ವಸ್ತುಗಳು ಬೇರೆ ಬೇರೆ ದಾರಿಯಲ್ಲಿ ತಯಾರಾದವು.

ಒಂದು ಪ್ರಯೋಗ ಮಾಡಿ. ಹಸಿ ಮಾಂಸವನ್ನು ಬೇಯಿಸಿದರೆ ಕೆಂಪು ಹೋಗಿ ಬೂದು ಮಿಶ್ರಿತ ಕಂದು ಬಣ್ಣ ಬರುತ್ತದೆ. ಹ್ಯಾಮ್ ಎಷ್ಟು ಬೇಯಿಸಿದರೂ ಗುಲಾಬಿಯಾಗಿಯೇ ಇರುತ್ತದೆ. ಯಾಕೆ? ನೈಟ್ರೈಟ್‌ನಿಂದ ಹುಟ್ಟುವ ನೈಟ್ರಿಕ್ ಆಕ್ಸೈಡ್ ಮಾಂಸದ ಕೆಂಪು ವರ್ಣಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬಿಸಿ ತಾಗಿದರೂ ಆ ನಂಟು ಬಿಡುವುದಿಲ್ಲ. 1901ರಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿ ಇದನ್ನು ವಿವರಿಸಿದ. ಅದಕ್ಕೂ ಎಷ್ಟೋ ಮೊದಲಿನಿಂದ ಜನ ಉಪ್ಪಿನ ಜೊತೆ ಪೆಟ್ಲುಪ್ಪು ಬೆರೆಸಿ ಮಾಂಸ ಇಡುತ್ತಿದ್ದರು. ಬಣ್ಣ ಚೆನ್ನಾಗಿ ಬರುತ್ತದೆ ಎಂದಷ್ಟೇ ಅವರಿಗೆ ಗೊತ್ತಿತ್ತು.

ಬಣ್ಣ ಬಿಟ್ಟರೆ ನೈಟ್ರೈಟ್‌ಗೆ ಇನ್ನೂ ದೊಡ್ಡ ಕೆಲಸವಿದೆ. ಅದೇ ಬೊಟುಲಿನಂ ಮೊಳೆಯದಂತೆ ತಡೆಯುವುದು. ಬೊಟುಲಿಸಂ ಎಂಬ ಕಾಯಿಲೆಯ ಹೆಸರು ಬಂದಿರುವುದೇ ‘ಬೊಟುಲಸ್’ ಎಂಬ ಲ್ಯಾಟಿನ್ ಪದದಿಂದ, ಅದಕ್ಕೆ ಸಾಸೇಜ್ ಎಂದರ್ಥ. 1793ರಲ್ಲಿ ಜರ್ಮನಿಯ ವಿಲ್ಡ್‌ಬಾಡ್‌ನಲ್ಲಿ ಒಂದೇ ಸಾಸೇಜ್ ಹಂಚಿಕೊಂಡು ತಿಂದ 13 ಜನ ಕಾಯಿಲೆ ಬಿದ್ದರು, 6 ಜನ ತೀರಿಕೊಂಡರು. 1895ರ ಡಿಸೆಂಬರಿನಲ್ಲಿ ಬೆಲ್ಜಿಯಂನ ಎಲ್ಲೆಝೆಲ್ ಎಂಬ ಹಳ್ಳಿಯಲ್ಲಿ ಅಂತ್ಯಕ್ರಿಯೆಗೆ ವಾದ್ಯ ನುಡಿಸಲು ಬಂದವರು ಉಪ್ಪು ಹಾಕಿಟ್ಟ ಹ್ಯಾಮ್ ತಿಂದರು. ಮೂವರು ಸತ್ತರು. ಆ ಹ್ಯಾಮಿನ ತುಂಡನ್ನು ಪರೀಕ್ಷಿಸಿಯೇ ಎಮಿಲ್ ವಾನ್ ಎರ್ಮೆಂಗೆಮ್ ಈ ಬ್ಯಾಕ್ಟೀರಿಯಾವನ್ನು ಕಂಡುಹಿಡಿದದ್ದು. ಕಾರ್ಖಾನೆಯ ನೆರಳೂ ಬೀಳದ, ಹಳೆಯ ರೀತಿಯಲ್ಲೇ ಮಾಡಿದ ಮಾಂಸಗಳು ಇವು.

ಹಾಗಂತ ನೈಟ್ರೈಟ್ ನಿರಪಾಯಕಾರಿ ಅಲ್ಲ. ಮಾಂಸದ ಪ್ರೋಟೀನಿನ ಅಂಶಗಳ ಜೊತೆ ಸೇರಿ, ಜೋರು ಬಿಸಿಯಲ್ಲಿ ಇಲ್ಲವೇ ನಮ್ಮ ಹೊಟ್ಟೆಯೊಳಗೆ, ಅದು ನೈಟ್ರೊಸಮೀನ್ ಎಂಬ ಸಂಯುಕ್ತಗಳಾಗಬಲ್ಲದು. ಇವುಗಳಲ್ಲಿ ಹಲವು ಕ್ಯಾನ್ಸರ್ ತರುವಂಥವು. ಅದಕ್ಕೇ ಅಮೆರಿಕದಲ್ಲಿ ಕೊಚ್ಚಿದ ಮಾಂಸದ ಸಾಸೇಜ್‌ಗೆ ಹಾಕುವ ನೈಟ್ರೈಟ್‌ಗೆ ಮಿತಿ ಇದೆ. 10 ಲಕ್ಷ ಭಾಗಕ್ಕೆ 156 ಭಾಗ, ಅಂದರೆ ಒಂದು ಕಿಲೋ ಮಾಂಸಕ್ಕೆ 156 ಮಿಲಿಗ್ರಾಂ. ಬಾಣಲೆಯಲ್ಲಿ ಕರಕಲಾಗುವಷ್ಟು ಹುರಿಯುವ ಬೇಕನ್‌ಗೆ ನಿಯಮ ಇನ್ನೂ ಬಿಗಿ. ಉಪ್ಪುನೀರನ್ನು ಸೂಜಿಯಿಂದ ಒಳಗೆ ಪಂಪ್ ಮಾಡಿ ಕ್ಯೂರ್ ಮಾಡುವ ಬೇಕನ್‌ಗೆ 120 ಭಾಗ ಮಾತ್ರ. ಜೊತೆಗೆ ವಿಟಮಿನ್ ಸಿ ಜಾತಿಯ ಪದಾರ್ಥವನ್ನೂ ಹಾಕಲೇಬೇಕು. ಅದು ನೈಟ್ರೊಸಮೀನ್ ಹುಟ್ಟುವುದನ್ನು ತಗ್ಗಿಸುತ್ತದೆ.

ಇನ್ನು ‘ನೈಟ್ರೈಟ್ ಸೇರಿಸಿಲ್ಲ’, ‘ಅನ್‌ಕ್ಯೂರ್ಡ್’ (ಕ್ಯೂರ್ ಮಾಡಿಲ್ಲ) ಎಂದು ದೊಡ್ಡಕ್ಷರದಲ್ಲಿ ಬರೆದ ಪೊಟ್ಟಣಗಳು. ತಿರುಗಿಸಿ ಸಣ್ಣಕ್ಷರ ಓದಿ. ಸೆಲರಿ ಪುಡಿ ಎಂದು ಇರುವ ಸಾಧ್ಯತೆ ಹೆಚ್ಚು. ಸೆಲರಿ ಸೊಪ್ಪಿನಲ್ಲಿ ನೈಟ್ರೇಟ್ ತಾನಾಗಿಯೇ ಇರುತ್ತದೆ, ಅದನ್ನೇ ನೈಟ್ರೈಟ್ ಆಗಿ ಮಾರ್ಪಡಿಸಿ ಹಾಕಿರುತ್ತಾರೆ. ಮಾಂಸದೊಳಗೆ ಹೋದ ಮೇಲೆ ಸೆಲರಿಯಿಂದ ಬಂದ ನೈಟ್ರೈಟೋ ಚೀಲದಿಂದ ಸುರಿದ ನೈಟ್ರೈಟೋ ಎಂಬ ಭೇದವಿಲ್ಲ. ಅಣು ಅದೇ. ಆ ದೊಡ್ಡಕ್ಷರ ನೋಡಿ ನೆಮ್ಮದಿಯಿಂದ ದಿನಾ ತಿನ್ನುವವರಿಗೆ ಇದು ಗೊತ್ತಿರಬೇಕು ಎಂಬುದು ನನ್ನ ಕಳಕಳಿ.

## ಕ್ಯಾನ್ಸರ್ ಸುದ್ದಿಯಲ್ಲಿ ನಿಜವಾಗಿ ಇದ್ದದ್ದೇನು

2015ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಒಂದು ತೀರ್ಮಾನ ಪ್ರಕಟಿಸಿತು. 10 ದೇಶಗಳ 22 ತಜ್ಞರು 800ಕ್ಕೂ ಹೆಚ್ಚು ಅಧ್ಯಯನಗಳನ್ನು ನೋಡಿ, ಸಂಸ್ಕರಿಸಿದ ಮಾಂಸವನ್ನು ಒಂದನೇ ಗುಂಪಿಗೆ ಸೇರಿಸಿದರು. ತಂಬಾಕು ಇರುವ ಗುಂಪೂ ಅದೇ. ಮರುದಿನ ಪತ್ರಿಕೆಗಳಲ್ಲಿ ‘ಬೇಕನ್ ಸಿಗರೇಟಿನಷ್ಟೇ ಕೆಟ್ಟದ್ದು’ ಎಂಬ ಧಾಟಿಯ ತಲೆಬರಹಗಳು.

ಗುಂಪಿನ ಅರ್ಥ ಅದಲ್ಲ. ಒಂದನೇ ಗುಂಪು ಎಂದರೆ ‘ಇದು ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ’ ಎಂದಷ್ಟೇ. ಎಷ್ಟರ ಮಟ್ಟಿಗೆ ತರುತ್ತದೆ ಎಂಬುದನ್ನು ಗುಂಪು ಹೇಳುವುದಿಲ್ಲ. ತುಂತುರು ಮಳೆಯೂ ನೆನೆಸುತ್ತದೆ, ಜಡಿಮಳೆಯೂ ನೆನೆಸುತ್ತದೆ. ಎರಡೂ ನೆನೆಸುತ್ತವೆ ಎಂಬುದು ಖಚಿತ, ಆದರೆ ಎರಡೂ ಒಂದೇ ಅಲ್ಲ ಅಲ್ವಾ? ಅದೇ ಸಂಸ್ಥೆ ಆಗ ಉಲ್ಲೇಖಿಸಿದ ಜಾಗತಿಕ ಅಂದಾಜಿನ ಪ್ರಕಾರ ಸಂಸ್ಕರಿಸಿದ ಮಾಂಸ ಜಾಸ್ತಿ ತಿನ್ನುವುದರಿಂದ ವರ್ಷಕ್ಕೆ ಸುಮಾರು 34,000 ಕ್ಯಾನ್ಸರ್ ಸಾವು. ತಂಬಾಕಿನಿಂದ ಸುಮಾರು 10 ಲಕ್ಷ.

ಇನ್ನೊಂದು ಅಂಕಿ 18%. ದಿನಾ 50 ಗ್ರಾಂ ಸಂಸ್ಕರಿಸಿದ ಮಾಂಸ, ಅಂದರೆ ಹೆಚ್ಚುಕಡಿಮೆ ಒಂದು ಹಾಟ್‌ಡಾಗ್ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಬರುವ ಸಂಭವ 18% ಏರುತ್ತದೆ. 100ರಲ್ಲಿ 18 ಜನರಿಗೆ ಕ್ಯಾನ್ಸರ್ ಬರುತ್ತದೆ ಎಂದು ಇದನ್ನು ಓದಿಕೊಂಡವರು ಬಹಳ. ಲೆಕ್ಕ ಹೀಗೆ ಮಾಡಬೇಕು. ಅಮೆರಿಕದಲ್ಲಿ 100 ಜನರಲ್ಲಿ ಸುಮಾರು 4 ಜನರಿಗೆ ಜೀವಮಾನದಲ್ಲಿ ಯಾವಾಗಲಾದರೂ ಈ ಕ್ಯಾನ್ಸರ್ ಬರುತ್ತದೆ. ಆ 4ರ 18% ಎಂದರೆ 0.7. ಅಂದರೆ 4 ಇದ್ದದ್ದು 4.7 ಆಗುತ್ತದೆ. ಅದೂ ದಿನಾ ತಿಂದರೆ.

ಇದು ಚಿಕ್ಕದೋ ದೊಡ್ಡದೋ? ಒಬ್ಬ ಮನುಷ್ಯನಿಗೆ ಚಿಕ್ಕದು. ಕೋಟಿಗಟ್ಟಲೆ ಜನ ದಿನಾ ತಿನ್ನುವ ದೇಶಕ್ಕೆ ದೊಡ್ಡದು. ಎರಡೂ ಒಟ್ಟಿಗೆ ನಿಜವಾಗಿರಬಹುದು. ಅಪರೂಪಕ್ಕೊಮ್ಮೆ ಹಾಟ್‌ಡಾಗ್ ತಿಂದವರು ನಿದ್ದೆಗೆಡಬೇಕಿಲ್ಲ. ಮಗುವಿನ ಊಟದ ಡಬ್ಬಿಗೆ ದಿನಾ ಹ್ಯಾಮ್ ಹಾಕುವವರು ಮಾತ್ರ ಯೋಚಿಸಬೇಕು.

## ಒಂದು ಡಬ್ಬಿ ಕೈಯಲ್ಲಿ ಹಿಡಿದು ನೋಡೋಣ

ಅಮೆರಿಕದಲ್ಲಿ ಸಿಗುವ ಮಾಮೂಲಿ ಅಳತೆಯ ಡಬ್ಬಿ 15 ಔನ್ಸ್, ಅಂದರೆ ಸುಮಾರು 425 ಗ್ರಾಂ. ಮುಚ್ಚಳ ತೆಗೆದು ಬಗ್ಗಿಸಿದರೆ ಚಿಲ್ಲಿ ಡಬ್ಬಿಯ ಆಕಾರದಲ್ಲೇ ಜಾರಿ ಬೀಳುತ್ತದೆ. ಮೇಲೆ ಕಿತ್ತಳೆ ಬಣ್ಣದ ಕೊಬ್ಬು ಹೆಪ್ಪುಗಟ್ಟಿರುತ್ತದೆ. ಬಿಸಿ ಮಾಡಿದರೆ ಕರಗಿ ಮಾಮೂಲಾಗುತ್ತದೆ. ಇದು ಕೆಟ್ಟಿರುವ ಲಕ್ಷಣವಲ್ಲ. ಗಂಜಿ ಮತ್ತು ಕೊಬ್ಬು ತಣ್ಣಗಿರುವಾಗ ಇರುವುದೇ ಹಾಗೆ.

ಇದರಲ್ಲಿ ಮಾಂಸ ಎಷ್ಟು? ಅಮೆರಿಕದ ಕೃಷಿ ಇಲಾಖೆಯ ನಿಯಮ ಇಲ್ಲಿ ನೇರವಾಗಿದೆ. ‘ಚಿಲ್ಲಿ ಕಾನ್ ಕಾರ್ನೆ’ ಎಂದು ಹೆಸರು ಹಾಕಬೇಕಾದರೆ ಹಸಿ ತೂಕದ ಲೆಕ್ಕದಲ್ಲಿ ಕನಿಷ್ಠ 40% ಮಾಂಸ ಇರಬೇಕು. ‘ಕಾಳು ಸಹಿತ’ ಎಂದಿದ್ದರೆ 25% ಸಾಕು. ನಮ್ಮ 425 ಗ್ರಾಂ ಡಬ್ಬಿಯಲ್ಲಿ ಕಾಳು ಇದ್ದರೆ ಕನಿಷ್ಠ 106 ಗ್ರಾಂ ಮಾಂಸ, ಇಲ್ಲದಿದ್ದರೆ 170 ಗ್ರಾಂ. ಈ ಮಾಂಸದಲ್ಲಿ ಕಾಲು ಭಾಗದವರೆಗೆ ತಲೆಮಾಂಸ, ಕೆನ್ನೆಮಾಂಸ, ಹೃದಯದ ಮಾಂಸ ಇರಬಹುದು, ಆದರೆ ಅದನ್ನು ಡಬ್ಬಿಯ ಮೇಲಿನ ಚೀಟಿಯಲ್ಲಿ ಹೇಳಬೇಕು. ‘ಏನೇನು ಕಸ ಹಾಕುತ್ತಾರೋ’ ಎನ್ನುವವರು ನೆನಪಿಡಬೇಕಾದ್ದು, ಅವು ಕಸವೇನಲ್ಲ, ತಿನ್ನುವ ಭಾಗಗಳೇ. ಇಷ್ಟವಿಲ್ಲದವರು ಚೀಟಿ ಓದಿ ಬಿಡಬಹುದು.

ಚೀಟಿಯಲ್ಲಿ ಪದಾರ್ಥಗಳ ಹೆಸರು ತೂಕದ ಕ್ರಮದಲ್ಲಿ ಇರುತ್ತವೆ, ಜಾಸ್ತಿ ಇರುವುದು ಮೊದಲು. ಡಬ್ಬಿಯ ಚಿಲ್ಲಿಯಲ್ಲಿ ಎಷ್ಟೋ ಸಲ ಮೊದಲ ಹೆಸರು ನೀರು. ಆಮೇಲೆ ಮಾಂಸ, ಕಾಳು, ಟೊಮೆಟೊ. ಮುಂದೆ ಮಾರ್ಪಡಿಸಿದ ಮೆಕ್ಕೆಜೋಳದ ಗಂಜಿ, ಇದು ಸಾರು ಮಂದವಾಗಲು. ಸೋಯಾ ಹಿಟ್ಟು ಅಥವಾ ಸೋಯಾ ಪ್ರೋಟೀನ್, ಇದು ಕೊಚ್ಚಿದ ಮಾಂಸದಂತೆ ಕಂಡು ನೀರನ್ನು ಹಿಡಿದಿಡುತ್ತದೆ. ಸಕ್ಕರೆ, ಉಪ್ಪು, ಕ್ಯಾರಮೆಲ್ ಬಣ್ಣ. ಹೆಸರು ಉದ್ದವಿದ್ದ ಮಾತ್ರಕ್ಕೆ ಹೆದರುವುದು ಬೇಡ. ನನ್ನ ಕಣ್ಣು ಮೊದಲು ಹೋಗುವುದು ಉಪ್ಪಿನ ಕಡೆಗೆ.

ಉಪ್ಪನ್ನು ಚೀಟಿಯಲ್ಲಿ ಸೋಡಿಯಂ ಎಂದು ಬರೆದಿರುತ್ತಾರೆ. ಅದನ್ನು 2.5ರಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. ಒಂದು ಬಟ್ಟಲಿಗೆ 1,000 ಮಿಲಿಗ್ರಾಂ ಸೋಡಿಯಂ ಇರುವ ಚಿಲ್ಲಿ ಅಪರೂಪವೇನಲ್ಲ. ಅಂದರೆ 2.5 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 2,000 ಮಿಲಿಗ್ರಾಂ ಸೋಡಿಯಂಗಿಂತ ಕಡಿಮೆ, ಉಪ್ಪಿನ ಲೆಕ್ಕದಲ್ಲಿ 5 ಗ್ರಾಂ ಒಳಗೆ. ಒಂದು ಬಟ್ಟಲಿಗೇ ದಿನದ ಅರ್ಧ ಮುಗಿಯಿತು. ಚೀಟಿಯ ಲೆಕ್ಕದಲ್ಲಿ ಡಬ್ಬಿಗೆ ಸುಮಾರು ಎರಡು ಬಟ್ಟಲು. ಹಸಿದವರು ಪೂರ್ತಿ ಡಬ್ಬಿ ಖಾಲಿ ಮಾಡಿದರೆ ದಿನದ ಉಪ್ಪು ಒಂದೇ ಊಟದಲ್ಲಿ ಒಳಗೆ ಹೋಯಿತು. ಡಬ್ಬಿಯ ಚಿಲ್ಲಿಯ ಮೇಲೆ ಹೊರಿಸಬಹುದಾದ ದೊಡ್ಡ ದೂರು ಇದೇ ಎಂದು ನನಗನಿಸುತ್ತದೆ.

ಅದರ ಪರವಾಗಿಯೂ ಹೇಳಬೇಕು. ಕಾಳು ಇರುವ ಚಿಲ್ಲಿಯಲ್ಲಿ ಪ್ರೋಟೀನ್ ಮತ್ತು ನಾರು ಚೆನ್ನಾಗಿಯೇ ಇರುತ್ತವೆ. ಜೋರು ಬಿಸಿಗೆ ವಿಟಮಿನ್ ಸಿ, ಬಿ1 ಸ್ವಲ್ಪ ಹಾಳಾಗುತ್ತವೆ ನಿಜ. ಆದರೆ ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೊಪೀನ್ ಬೆಂದ ಮೇಲೆ ದೇಹಕ್ಕೆ ಇನ್ನೂ ಸುಲಭವಾಗಿ ದಕ್ಕುತ್ತದೆ.

## ಮನೆಯದ್ದೇ ರುಚಿ ಯಾಕೆ

ಮನೆಯಲ್ಲಿ ಮಾಂಸದ ತುಂಡುಗಳನ್ನು ಮೊದಲು ಒಣ ಬಾಣಲೆಯಲ್ಲಿ ಹುರಿಯುತ್ತಾರೆ. ಚುರ್ ಎಂದು ಸದ್ದು ಬಂದು, ಅಡಿ ಹಿಡಿದಂತೆ ಕಂದು ಪದರ ಕಟ್ಟುತ್ತದೆ ನೋಡಿ, ರುಚಿಯ ಮೂಲ ಅಲ್ಲಿದೆ. 140 ಡಿಗ್ರಿ ದಾಟಿದ ಒಣ ಮೇಲ್ಮೈಯಲ್ಲಿ ಪ್ರೋಟೀನ್ ಮತ್ತು ಸಕ್ಕರೆ ಚುರುಕಾಗಿ ಕೂಡಿ ನೂರಾರು ಹೊಸ ಪರಿಮಳಗಳು ಹುಟ್ಟುತ್ತವೆ. ಡಬ್ಬಿಯೊಳಗೆ ಎಲ್ಲವೂ ನೀರಿನಲ್ಲಿದೆ. 121 ಡಿಗ್ರಿಯ ಮೇಲೆ ಹೋಗುವುದಿಲ್ಲ. ಮುಚ್ಚುವ ಮೊದಲು ಮಾಂಸವನ್ನು ಹುರಿದಿರದಿದ್ದರೆ ಆ ಕಂದು ರುಚಿ ಒಳಗೆ ಹುಟ್ಟುವುದು ಕಷ್ಟ.

ಇನ್ನೊಂದು, ಜೀರಿಗೆ, ಬೆಳ್ಳುಳ್ಳಿಯ ಘಮ. ಮನೆಯಲ್ಲಿ ಅರ್ಧ ಬೆಂದ ಮೇಲೆ ಇನ್ನೊಂದು ಚಿಟಿಕೆ ಹಾಕಬಹುದು, ಇಳಿಸುವ ಮೊದಲು ರುಚಿ ನೋಡಿ ಹುಳಿ ಹಿಂಡಬಹುದು. ಡಬ್ಬಿಗೆ ಎಲ್ಲವನ್ನೂ ಒಂದೇ ಸಲ ಹಾಕಿ ಮುಚ್ಚಬೇಕು. ಆಮೇಲೆ ಕೈಯಾಡಿಸುವಂತಿಲ್ಲ.

ಉಪ್ಪಿನ ಲಗಾಮು ಕೂಡ ಮನೆಯಲ್ಲಿ ನಮ್ಮ ಕೈಯಲ್ಲೇ ಇದೆ. ಒಂದು ಟೀ ಚಮಚ ಉಪ್ಪಿನಲ್ಲಿ ಸುಮಾರು 2,300 ಮಿಲಿಗ್ರಾಂ ಸೋಡಿಯಂ. 6 ಜನರ ಪಾತ್ರೆಗೆ ಒಂದೂವರೆ ಚಮಚ ಹಾಕಿದರೂ ಒಬ್ಬರಿಗೆ 575 ಮಿಲಿಗ್ರಾಂ ಬೀಳುತ್ತದೆ. ಆದರೆ ಅದೇ ಪಾತ್ರೆಗೆ ಡಬ್ಬಿಯ ಕಾಳು, ಡಬ್ಬಿಯ ಟೊಮೆಟೊ, ಎರಡು ಸೂಪ್ ಕ್ಯೂಬ್ ಸೇರಿಸಿದರೆ ಈ ಲೆಕ್ಕ ಉಳಿಯುವುದಿಲ್ಲ. ಬೇಕನ್ ಅಥವಾ ಸಾಸೇಜ್ ಹಾಕಿದರೆ ‘ಮನೆಯ ಅಡುಗೆ’ಯೊಳಗೆ ಸಂಸ್ಕರಿಸಿದ ಮಾಂಸವೇ ಬಂದು ಕೂತಿತು. ಡಬ್ಬಿಯ ಕಾಳನ್ನು ಸೋಸಿ ತಣ್ಣೀರಿನಲ್ಲಿ ತೊಳೆದರೆ ಸೋಡಿಯಂ ಸುಮಾರು 40% ಇಳಿಯುತ್ತದೆ. ಒಂದು ನಿಮಿಷದ ಕೆಲಸ.

ತಿನ್ನುವ ಪ್ರಮಾಣದ ಬಗ್ಗೆಯೂ ಒಂದು ಗಟ್ಟಿ ಪ್ರಯೋಗವಿದೆ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಜೊತೆಗಾರರು 20 ಜನರಿಗೆ ಎರಡು ವಾರ ಅತಿಯಾಗಿ ಸಂಸ್ಕರಿಸಿದ ಆಹಾರ, ಎರಡು ವಾರ ಹೆಚ್ಚು ಸಂಸ್ಕರಿಸದ ಆಹಾರ ಕೊಟ್ಟರು. ಎಷ್ಟು ಬೇಕಾದರೂ ತಿನ್ನಿ ಎಂದರು. ಮೊದಲನೆಯದನ್ನು ಕೊಟ್ಟಾಗ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ತೂಕವೂ ಏರಿತು. ಇದು ಚಿಲ್ಲಿಯ ಪರೀಕ್ಷೆಯಲ್ಲ, ಇಡೀ ದಿನದ ಊಟದ ಪರೀಕ್ಷೆ. ವಾರಕ್ಕೊಂದು ಡಬ್ಬಿ ತೆರೆಯುವವರಿಗೂ ಮೂರು ಹೊತ್ತೂ ಪೊಟ್ಟಣದಲ್ಲೇ ಬದುಕುವವರಿಗೂ ಇದು ಒಂದೇ ರೀತಿ ಅನ್ವಯಿಸುವುದಿಲ್ಲ.

## ಮನೆಯ ಪಾತ್ರೆಯ ಅಪಾಯಗಳು

ಮನೆಯಲ್ಲಿ ಮಾಡಿದ್ದು ತಾನಾಗಿಯೇ ಸುರಕ್ಷಿತ ಎಂಬ ನಂಬಿಕೆ ನನಗೆ ನಿಜವಾಗಿ ಆತಂಕ ತರುತ್ತದೆ. ಮೂರು ಸಂಗತಿಗಳು ಎಲ್ಲರಿಗೂ ಗೊತ್ತಿರಬೇಕು.

ಮೊದಲನೆಯದು ರಾಜ್ಮಾ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷದ ಅಂಶ ಇರುತ್ತದೆ. ನಾಲ್ಕೈದು ಕಾಳು ಹಸಿಯಾಗಿ ಹೊಟ್ಟೆಗೆ ಹೋದರೂ ವಾಂತಿ, ಭೇದಿ ಆಗಬಹುದು. ಚೆನ್ನಾಗಿ ಕುದಿಸಿದರೆ ಇದು ನಾಶವಾಗುತ್ತದೆ. ಆದರೆ ಅರ್ಧಂಬರ್ಧ ಬಿಸಿಯಾದರೆ, ಸುಮಾರು 80 ಡಿಗ್ರಿಯಲ್ಲಿ, ವಿಷ ಕಡಿಮೆಯಾಗುವ ಬದಲು ಐದು ಪಟ್ಟಿನವರೆಗೆ ಏರಬಹುದು. ಗಂಟೆಗಟ್ಟಲೆ ಸಣ್ಣ ಬಿಸಿಯಲ್ಲಿ ಬೇಯಿಸುವ ಸ್ಲೋ ಕುಕ್ಕರ್‌ಗೆ ಒಣ ರಾಜ್ಮಾವನ್ನು ನೇರವಾಗಿ ಹಾಕುವುದು ಇದಕ್ಕೇ ಅಪಾಯ. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕೊತಕೊತ ಕುದಿಸಿ, ಆಮೇಲೆ ಸ್ಲೋ ಕುಕ್ಕರ್‌ಗೆ ಹಾಕಿ. ಡಬ್ಬಿಯ ಕಾಳಿಗೆ ಈ ಚಿಂತೆಯಿಲ್ಲ, ಅದು ಆಗಲೇ ಪೂರ್ತಿ ಬೆಂದಿರುತ್ತದೆ.

ಎರಡನೆಯದು ದೊಡ್ಡ ಪಾತ್ರೆ. ರಾತ್ರಿ ಪಾತ್ರೆ ತುಂಬ ಚಿಲ್ಲಿ ಮಾಡಿ, ಒಲೆ ಆರಿಸಿ, ‘ಬೆಳಗ್ಗೆ ಫ್ರಿಜ್‌ಗೆ ಇಟ್ಟರಾಯಿತು’ ಎಂದು ಮಲಗುವವರು ಎಷ್ಟು ಜನ! ಬೊಟುಲಿನಂ ಕುಲಕ್ಕೇ ಸೇರಿದ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯನ್ನು ತಾಳಿಕೊಂಡು, ಪಾತ್ರೆ ಉಗುರುಬೆಚ್ಚಗಾಗುತ್ತಿದ್ದಂತೆ ಮೊಳೆಯುತ್ತವೆ. ಸುಮಾರು 45 ಡಿಗ್ರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ವೇಗ ಇವಕ್ಕಿದೆ. ಅಮೆರಿಕ ಒಂದರಲ್ಲೇ ವರ್ಷಕ್ಕೆ ಹತ್ತಿರ ಹತ್ತಿರ 10 ಲಕ್ಷ ಜನ ಇದರಿಂದ ಹೊಟ್ಟೆ ಕೆಡಿಸಿಕೊಳ್ಳುತ್ತಾರೆ ಎಂಬ ಅಂದಾಜಿದೆ. ಉಪಾಯ ಸುಲಭ. ಅಗಲವಾದ, ಆಳವಿಲ್ಲದ ಪಾತ್ರೆಗಳಿಗೆ ಹಂಚಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಿ. ಬಿಸಿಯಿದ್ದಾಗ ಇಡಬಾರದು ಎಂದು ಕಾಯುತ್ತಾ ಕೂರಬೇಡಿ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಮನೆಯಲ್ಲಿ ಮಾಡಿದ ಚಿಲ್ಲಿಯನ್ನು ಗಾಜಿನ ಜಾಡಿಗೆ ತುಂಬಿ, ಜಾಡಿಯನ್ನು ಕುದಿಯುವ ನೀರಿನಲ್ಲಿಟ್ಟು, ಮುಚ್ಚಿ ಕಪಾಟಿನಲ್ಲಿಡುವುದು. ಟೊಮೆಟೊ ಇದೆಯಲ್ಲ, ಹುಳಿ ಸಾಕು ಅನಿಸಬಹುದು. ಸಾಲದು. ಮಾಂಸ, ಕಾಳು ಸೇರಿದ ಮೇಲೆ ಬೊಟುಲಿನಂ ತಡೆಯುವಷ್ಟು ಹುಳಿ ಉಳಿಯುವುದಿಲ್ಲ. 2015ರ ಏಪ್ರಿಲ್‌ನಲ್ಲಿ ಅಮೆರಿಕದ ಒಹಾಯೊ ರಾಜ್ಯದ ಒಂದು ಚರ್ಚಿನ ಊಟದಲ್ಲಿ ಹೀಗೇ ಆಯಿತು. ಒಬ್ಬರು ಮನೆಯಲ್ಲಿ ಜಾಡಿಗೆ ತುಂಬಿಟ್ಟಿದ್ದ ಆಲೂಗಡ್ಡೆಯಿಂದ ಸಲಾಡ್ ಮಾಡಿ ತಂದಿದ್ದರು. ಒತ್ತಡದಲ್ಲಿ ಬೇಯಿಸದೆ ಬರೀ ಕುದಿಯುವ ನೀರಿನಲ್ಲಿ ಇಟ್ಟಿದ್ದ ಜಾಡಿ. 29 ಜನರಿಗೆ ಬೊಟುಲಿಸಂ ಬಂತು, ಒಬ್ಬರು ತೀರಿಕೊಂಡರು. ಪ್ರೀತಿಯಿಂದ ಮಾಡಿ ತಂದ ಅಡುಗೆ ಅದು.

ಕಾರ್ಖಾನೆಯಲ್ಲಿ ತಪ್ಪಾಗುವುದೇ ಇಲ್ಲವೇ? ಆಗುತ್ತದೆ. 2007ರಲ್ಲಿ ಜಾರ್ಜಿಯಾ ರಾಜ್ಯದ ಅಗಸ್ಟಾದಲ್ಲಿ ತಯಾರಾದ ಹಾಟ್‌ಡಾಗ್ ಚಿಲ್ಲಿ ಸಾಸ್‌ನಿಂದ 8 ಜನರಿಗೆ ಬೊಟುಲಿಸಂ ಬಂತು. ರಿಟಾರ್ಟ್ ಯಂತ್ರ ಸರಿಯಾಗಿ ಕೆಲಸ ಮಾಡದೆ ಡಬ್ಬಿಗಳಿಗೆ ಬಿಸಿ ಸಾಲದೆ ಹೋಗಿತ್ತು. ಅಲ್ಲಿ ತಯಾರಾದ ಹತ್ತಾರು ಬಗೆಯ ಡಬ್ಬಿಗಳನ್ನು ಅಂಗಡಿಗಳಿಂದ ವಾಪಸ್ ತರಿಸಬೇಕಾಯಿತು. ಎರಡೂ ಘಟನೆ ಪಕ್ಕಪಕ್ಕ ಇಟ್ಟು ನೋಡಿದರೆ ಕಾರಣ ಒಂದೇ. ಎರಡು ಕಡೆಯೂ ಬೀಜಾಣು ಸಾಯುವಷ್ಟು ಬಿಸಿ ಸಿಗಲಿಲ್ಲ.

## ಡಬ್ಬಿ ಕೊಳ್ಳುವಾಗ, ಮನೆಯದ್ದು ಎತ್ತಿಡುವಾಗ

ಉಬ್ಬಿದ ಡಬ್ಬಿ, ಸೋರುವ ಡಬ್ಬಿ, ತೆರೆದ ತಕ್ಷಣ ಚಿಮ್ಮುವ ಡಬ್ಬಿ, ಈ ಮೂರನ್ನೂ ರುಚಿ ನೋಡಲು ಹೋಗಬೇಡಿ. ನೇರ ಕಸಕ್ಕೆ. ಚಿಕ್ಕ ತಗ್ಗು ಪರವಾಗಿಲ್ಲ. ಬೆರಳು ಕೂರುವಷ್ಟು ಆಳದ ತಗ್ಗು ಇದ್ದರೆ, ಅದರಲ್ಲೂ ಅಂಚಿನ ಹೊಲಿಗೆಯ ಮೇಲೆ ಇದ್ದರೆ, ಬಿಡಿ. ತುಕ್ಕು ಒರೆಸಿದರೆ ಹೋಗುವಂತಿದ್ದರೆ ತೊಂದರೆಯಿಲ್ಲ. ಮಾಂಸ, ಕಾಳುಗಳ ಡಬ್ಬಿ ತಂಪಾದ ಒಣ ಜಾಗದಲ್ಲಿ 2ರಿಂದ 5 ವರ್ಷ ಗುಣ ಕಳೆದುಕೊಳ್ಳದೆ ಇರುತ್ತದೆ.

ಡಬ್ಬಿಯ ಒಳಗೋಡೆಗೆ ಬಳಿಯುವ ಲೇಪದ ಬಗ್ಗೆಯೂ ಕೇಳುತ್ತಾರೆ. ಲೋಹ ಆಹಾರಕ್ಕೆ ತಾಗದಿರಲೆಂದು ಹಚ್ಚುವ ಈ ಲೇಪದಲ್ಲಿ ಬಿಸ್ಫಿನಾಲ್ ಎ ಎಂಬ ರಾಸಾಯನಿಕ ಬಳಸುತ್ತಿದ್ದರು. ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಇದರ ಸುರಕ್ಷಿತ ಮಿತಿಯನ್ನು 20,000 ಪಟ್ಟು ಇಳಿಸಿತು. ಅದಾದ ಮೇಲೆ ಯೂರೋಪಿಯನ್ ಒಕ್ಕೂಟ ಆಹಾರಕ್ಕೆ ತಾಗುವ ವಸ್ತುಗಳಲ್ಲಿ ಅದನ್ನು ನಿಷೇಧಿಸಲು ತೀರ್ಮಾನಿಸಿತು. ಹಲವು ತಯಾರಕರು ಬೇರೆ ಲೇಪಕ್ಕೆ ಹೋಗಿದ್ದಾರೆ.

ಮನೆಯ ಚಿಲ್ಲಿಯನ್ನು ತಿಂಗಳುಗಟ್ಟಲೆ ಇಡಬೇಕೆಂದರೆ ಒಳ್ಳೆಯ ದಾರಿ ಫ್ರೀಜರ್. ಮೈನಸ್ 18 ಡಿಗ್ರಿಯಲ್ಲಿ ಯಾವ ಬ್ಯಾಕ್ಟೀರಿಯಾವೂ ಬೆಳೆಯುವುದಿಲ್ಲ. ತಣಿದ ಚಿಲ್ಲಿಯನ್ನು ಒಂದೊಂದು ಊಟಕ್ಕೆ ಆಗುವಷ್ಟು ಚಪ್ಪಟೆ ಡಬ್ಬಿಗಳಿಗೆ ಹಾಕಿ, ಮೇಲೆ ಒಂದು ಬೆರಳಿನಷ್ಟು ಜಾಗ ಬಿಟ್ಟು ಮುಚ್ಚಿ. ಹೆಪ್ಪುಗಟ್ಟುವಾಗ ನೀರು ಹಿಗ್ಗುತ್ತದೆ. ತಾರೀಖು ಬರೆದ ಚೀಟಿ ಅಂಟಿಸಿ. ತಿನ್ನುವ ಹಿಂದಿನ ರಾತ್ರಿ ಫ್ರೀಜರಿನಿಂದ ಫ್ರಿಜ್‌ಗೆ ಇಳಿಸಿ, ಬೆಳಗ್ಗೆ ಹಬೆಯಾಡುವವರೆಗೆ ಬಿಸಿ ಮಾಡಿ. ಉಪ್ಪು ಸಾಲದಿದ್ದರೆ ಆಗ ಸೇರಿಸಿದರೂ ಆಗುತ್ತದೆ.